ಔರಾದ್ ಎಂಬ ಕೌಂಟಿಯಲ್ಲಿ ಒಂದು ಅಮಾವಾಸ್ಯೆ

ನನ್ನ ಬಳಿ ಪಾಸ್‌ಪೋರ್ಟ್ ಇದೆ. ಅದರೊಳಗೆ ಒಂದೇ ಒಂದು ಮುದ್ರೆಯೂ ಬಿದ್ದಿಲ್ಲ. ಆದರೂ ಮೂರು ಚಳಿಗಾಲಗಳ ಹಿಂದೆ ನಾನು ಮಾಡಿದ ಒಂದು ಪ್ರಯಾಣವನ್ನು ನಮ್ಮ ಮನೆಯಲ್ಲಿ ಎಲ್ಲರೂ ‘ಅಪ್ಪನ ಫಾರಿನ್ ಟೂರು’ ಎಂದೇ ಕರೆಯುತ್ತಾರೆ. ಮೈಸೂರಿನಲ್ಲಿ ರೈಲು ಹತ್ತಿ, ಕೂತು, ಮಲಗಿ, ಎದ್ದು, ಮತ್ತೆ ಕೂತು, ಇನ್ನು ಈ ರೈಲಿಗೆ ನಿಲ್ಲುವ ಯೋಚನೆಯೇ ಇಲ್ಲ ಎಂದು ಖಾತ್ರಿಯಾದ ಮೇಲೆ ಬೀದರ್ ಬಂತು. ನಮ್ಮದೇ ರಾಜ್ಯ, ನಮ್ಮದೇ ಭಾಷೆ, ಆದರೆ ಮೈಸೂರಿನವನಿಗೆ ಮದ್ರಾಸು ಇದಕ್ಕಿಂತ ಪಕ್ಕದ ಬೀದಿ.

ಹೋಗಿದ್ದು ಕೆಲಸದ ಮೇಲೆ. ನನ್ನ ಕಸುಬು ಅಪಾಯ ಹುಡುಕುವುದು. ಸೌರ ವಿದ್ಯುತ್ ಕಂಪನಿಗಳು ಎಲ್ಲಾದರೂ ಫಲಕಗಳನ್ನು ನೆಡುವ ಮೊದಲು ನನ್ನಂಥವನನ್ನು ಮುಂದೆ ಕಳಿಸುತ್ತವೆ. ಯಾವ ಕಾನೂನು ಕಾಲಿಗೆ ತೊಡರೀತು, ಯಾವ ಪಂಚಾಯಿತಿ ಕೈ ಎತ್ತೀತು, ಯಾವ ಊರಿನವರು ರಸ್ತೆಯಲ್ಲಿ ಕೂತಾರು ಎಂದು ಮೂಸಿ ನೋಡಿ ವರದಿ ಬರೆಯುವುದು ನನ್ನ ಪಾಲಿನದು. ಈ ಕೆಲಸ ನನಗೆ ಹೇಳಿ ಮಾಡಿಸಿದ್ದು. ನನ್ನ ಹೆಂಡತಿ ವತ್ಸಲಾ ಬಂದವರೆದುರು ಹೇಳುವುದುಂಟು: ‘ಇವರು ತಾಳಿ ಕಟ್ಟುವಾಗಲೂ ಹೋಮದ ಪಕ್ಕ ನೀರಿನ ಬಿಂದಿಗೆ ಇದೆಯಾ ಅಂತ ತಿರುಗಿ ನೋಡಿದವರು.’

ಈ ಸಲ ಕಂಪನಿ ಹೊರದೇಶದ್ದು. ಅದು ಕಳಿಸಿದ ನಮೂನೆ ಅಲ್ಲಿಯ ಕೌಂಟಿಗಳಿಗಾಗಿ ತಯಾರಾದದ್ದು. ಕೌಂಟಿ ಎಂದರೆ ಅಲ್ಲಿ ನಮ್ಮ ಜಿಲ್ಲೆಗಿಂತ ಚಿಕ್ಕದು, ತಾಲ್ಲೂಕಿಗಿಂತ ತುಸು ದೊಡ್ಡದು ಎಂದು ಯಾರೋ ಹೇಳಿದರು. ನಾನು ಔರಾದ್ ತಾಲ್ಲೂಕನ್ನು ಕೌಂಟಿ ಎಂದುಕೊಂಡು ಹೊರಟೆ. ‘ನಿಮ್ಮ ಕೌಂಟಿಯಲ್ಲಿ ನೆರೆಹೊರೆಯವರು ಅಂಗಳದಲ್ಲಿ ವಿರೋಧದ ಫಲಕ ನೆಟ್ಟಿದ್ದಾರೆಯೇ?’ ‘ಚರ್ಚ್‌ನಿಂದ ಎಷ್ಟು ದೂರ?’ ‘ನೋಟ ಕೆಡುತ್ತದೆಂಬ ದೂರು ಇದೆಯೇ?’ ಹೀಗೆ ಪುಟಗಟ್ಟಲೆ ಪ್ರಶ್ನೆಗಳು. ಕೊನೆಯಲ್ಲಿ ಮೂರು ಬಣ್ಣ. ಹಸಿರೆಂದರೆ ಮುಂದುವರಿಯಿರಿ. ಹಳದಿಯೆಂದರೆ ಯೋಚಿಸಿ. ಕೆಂಪೆಂದರೆ ಕಂಪನಿ ಫಲಕಗಳನ್ನು ಹೊತ್ತು ಬೇರೆ ಜಿಲ್ಲೆಗೆ ಹೋಗುತ್ತದೆ, ಮತ್ತೆ ತಿರುಗಿ ನೋಡುವುದಿಲ್ಲ.

ಬೀದರ್

ಅಪಾಯ ತಜ್ಞ ಮೊದಲ ಅಪಾಯಕ್ಕೇ ಮುಗ್ಗರಿಸಿದ. ಬೀದರ್ ಎಂದರೆ ಬಿಸಿಲು ಎಂದು ನಾನು ಎರಡು ಟೋಪಿ, ಒಂದು ಕಪ್ಪು ಕನ್ನಡಕ, ಒಂದು ಛತ್ರಿ ಕಟ್ಟಿಕೊಂಡಿದ್ದೆ. ಸ್ವೆಟರ್ ಇಟ್ಟಿರಲಿಲ್ಲ. ಬೆಳಿಗ್ಗೆ ನಿಲ್ದಾಣದಲ್ಲಿ ಇಳಿದಾಗ ಹಲ್ಲುಗಳು ತಾಳ ಹಾಕತೊಡಗಿದವು.

ನನಗಾಗಿ ಕಾರು ತಂದಿದ್ದವರು ಚಿದ್ರಿಯ ಇಸ್ಮಾಯಿಲ್ ಭಾಯ್. ಅರವತ್ತರ ಹತ್ತಿರದ ಮನುಷ್ಯ, ಮೆಹಂದಿ ಹಚ್ಚಿದ ಗಡ್ಡ. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

‘ಛತ್ರಿ ಯಾಕ ತಂದೀರಿ ಸಾಹೇಬ್ರ?’

‘ಬಿಸಿಲಿಗೆ.’

‘ಬಿಸಿಲು ಹೋಳಿ ಆದಮ್ಯಾಲ ಬರ್ತದ್ರಿ. ಈಗ ಥಂಡಿ ಅದ. ಜರಾ ತಡೀರಿ.’

ಅವರು ತಮ್ಮ ಮೈಮೇಲಿದ್ದ ಕಡುಗೆಂಪು ಸ್ವೆಟರನ್ನು ತೆಗೆದು ನನಗೆ ತೊಡಿಸಿದರು. ನಾನು ಬೇಡ ಬೇಡ ಎಂದೆ. ‘ನನಗ ರೂಢಿ ಅದ, ನಿಮಗ ಇಲ್ಲ. ಫಿಕರ್ ಮಾಡಬ್ಯಾಡ್ರಿ’ ಎಂದು ಗುಂಡಿಯನ್ನೂ ತಾವೇ ಹಾಕಿದರು. ಮೈಸೂರಿನ ಟ್ಯಾಕ್ಸಿಯವರೂ ಸಜ್ಜನರೇ, ಆದರೆ ಗುಂಡಿ ಹಾಕುವ ಮಟ್ಟಕ್ಕೆ ಯಾರೂ ಹೋಗಿರಲಿಲ್ಲ. ಆ ಸ್ವೆಟರ್ ತೋಳು ನನ್ನ ಬೆರಳ ತುದಿಯವರೆಗೂ ಇಳಿಯುತ್ತಿತ್ತು. ಇಡೀ ಪ್ರವಾಸವನ್ನು ನಾನು ಅದರೊಳಗೇ ಮಾಡಿದೆ.

ಆಮೇಲೆ ಕಚೇರಿಗಳ ಸುತ್ತಾಟ. ಕೃಷಿ ಜಮೀನಿನಲ್ಲಿ ಫಲಕ ನೆಡಲು ಏನೇನು ಅನುಮತಿ ಬೇಕು, ಯಾವ ಕಾಗದ ಯಾವ ಮೇಜಿನ ಮೇಲೆ ಮಲಗುತ್ತದೆ ಎಂದು ತಿಳಿಯಬೇಕಿತ್ತು. ನಮ್ಮ ಕಡೆ ಗುಮಾಸ್ತರು ನಿಂತವನನ್ನು ನೋಡದೆಯೇ ‘ನಾಳೆ ಬನ್ನಿ’ ಎನ್ನುತ್ತಾರೆ. ಇಲ್ಲಿ ‘ಕುಂದ್ರಿ’ ಎನ್ನುತ್ತಾರೆ, ಚಹಾ ತರಿಸುತ್ತಾರೆ, ನಾಷ್ಟಾ ಆಯಿತೇ ಎಂದು ಕೇಳುತ್ತಾರೆ, ಮೈಸೂರಿನ ಅರಮನೆ ಹೇಗಿದೆ ಎಂದು ವಿಚಾರಿಸುತ್ತಾರೆ, ಅದಾದ ಮೇಲೆ ‘ನಾಳಿ ಬರ್ರಿ’ ಎನ್ನುತ್ತಾರೆ. ಫಲ ಒಂದೇ, ಆದರೆ ಹೊರಗೆ ಬರುವಾಗ ಸಿಟ್ಟಿರುವುದಿಲ್ಲ.

ಒಬ್ಬರು ಮಾತ್ರ ಸ್ಪಷ್ಟವಾಗಿ ಹೇಳಿದರು: ‘ಈ ವಾರ ಏನೂ ಆಗಂಗಿಲ್ರಿ. ಅಮಾಸಿ ಆಗ್ಲಿ.’

ಅಮಾವಾಸ್ಯೆಗೆ ಇನ್ನು ಮೂರು ದಿನವಿತ್ತು. ನಮ್ಮ ಕಡೆ ಅಮಾವಾಸ್ಯೆಯೆಂದರೆ ಹೊಸ ಪೊರಕೆಯನ್ನೂ ಮನೆಗೆ ತರುವುದಿಲ್ಲ. ಕೆಟ್ಟ ದಿನ ಕಳೆಯಲಿ ಎನ್ನುತ್ತಿದ್ದಾರೆ ಎಂದುಕೊಂಡು ಡೈರಿಯಲ್ಲಿ ‘ಮೂಢನಂಬಿಕೆಯಿಂದ ವಿಳಂಬ’ ಎಂದು ಬರೆದುಕೊಂಡೆ. ಆ ಸಾಲನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಭಾಲ್ಕಿ

ಭಾಲ್ಕಿಗೆ ಹೋಗಬೇಕಾಗಿ ಬಂದದ್ದು ಒಂದು ಕಾಗದದ ಕಾರಣಕ್ಕೆ. ಕಂಪನಿ ಕಣ್ಣಿಟ್ಟಿದ್ದ ಔರಾದ್ ಹತ್ತಿರದ ಜಮೀನಿನ ಹಳೆಯ ದಾಖಲೆಗಳೂ ಹಳೆಯ ನಕ್ಷೆಯೂ ನಿಜಾಮರ ಕಾಲದವು. ಎಲ್ಲ ಉರ್ದುವಿನಲ್ಲಿ. ನಕಲು ಕೊಟ್ಟವರಿಗೂ ಅದನ್ನು ಓದಲು ಬರುತ್ತಿರಲಿಲ್ಲ. ‘ವೈಜನಾಥ ಸರ್ ಓದ್ತಾರ್ರಿ’ ಎಂದು ಅವರೇ ದಾರಿ ತೋರಿಸಿದ್ದರು. ಔರಾದಿನಲ್ಲಿ ಬಹಳ ಕಾಲ ಭೂಮಾಪಕರಾಗಿದ್ದು ನಿವೃತ್ತರಾದ ವೈಜನಾಥರು ಈಗ ಭಾಲ್ಕಿಯಲ್ಲಿದ್ದರು.

ಅವರ ಮನೆಯಲ್ಲಿ ಕೆಲಸ ಶುರುವಾಗುವ ಮೊದಲು ರೊಟ್ಟಿ ಬಂತು. ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಬಂತು, ಅದರ ಮೇಲೆ ಮೊಸರು ಬಂತು. ಕಾಗದ ಬಿಚ್ಚಲು ಜಾಗವೇ ಉಳಿಯಲಿಲ್ಲ. ಊಟವಾದ ಮೇಲೆ ವೈಜನಾಥರು ಭೂತಗನ್ನಡಿ ಹಿಡಿದು ಬಲದಿಂದ ಎಡಕ್ಕೆ ಬೆರಳು ಓಡಿಸುತ್ತಾ ಓದಿದರು. ಯಾರ ಹೊಲ, ಎಷ್ಟು ಅಗಲ, ಬಾವಿ ಎಲ್ಲಿ, ಬನ್ನಿಗಿಡ ಎಲ್ಲಿ. ಕೇಳುತ್ತಾ ಕೇಳುತ್ತಾ ಬರೀ ಗೆರೆಗಳಾಗಿದ್ದ ಹೊಲಗಳಿಗೆ ಮಣ್ಣು ಬಂದಂತೆ ಅನ್ನಿಸಿತು.

ಒಂದು ಕಡೆ ಅವರ ಬೆರಳು ನಿಂತಿತು. ‘ಇಲ್ಲಿ ನೋಡ್ರಿ. ಈ ಚುಕ್ಕಿ ಗೆರಿ. ಇದು ಬಂಡಿ ದಾರಿ. ಊರಿನಿಂದ ಬಾವಿತನ ಹೋಗ್ತದ.’

ನಾನು ಮೊಬೈಲಿನಲ್ಲಿ ಈಗಿನ ಪಹಣಿ ಮತ್ತು ನಕ್ಷೆ ತೆಗೆದು ತೋರಿಸಿದೆ. ಅಲ್ಲಿ ಅಂಥ ದಾರಿ ಇರಲಿಲ್ಲ.

‘ಕಂಪ್ಯೂಟರ್‌ನಾಗ ಇಲ್ಲಂದ್ರ ನೆಲದ ಮ್ಯಾಲ ಇಲ್ಲಂತೇನ್ರಿ?’ ಎಂದು ನಕ್ಕರು. ‘ಮರೀಬ್ಯಾಡ್ರಿ ಇದನ್ನ. ಅಮಾಸಿಗಿ ಅಲ್ಲೇ ಇರ್ತೀರಲ್ಲ, ಕಣ್ಣಿಲೇ ನೋಡ್ರಿ.’

ಇವರೂ ಅಮಾವಾಸ್ಯೆ ಎಂದರು! ನಾನು ನಯವಾಗಿ ತಲೆಯಾಡಿಸಿ, ನಕಲನ್ನು ಚೀಲದ ತಳಕ್ಕೆ ಸೇರಿಸಿದೆ. ನನ್ನ ನಮೂನೆಯಲ್ಲಿ ಸರ್ಕಾರಿ ದಾಖಲೆಯ ರಸ್ತೆಗೆ ಒಂದು ಅಂಕಣ ಇತ್ತು. ಚುಕ್ಕಿಗಳಿಗೆ ಅಂಕಣ ಇರಲಿಲ್ಲ.

ಔರಾದ್

ಜನವಾಡ ದಾಟಿ ಔರಾದಿನ ಕಡೆಗೆ ಹೊರಟರೆ ಎರಡೂ ಕಡೆ ಕಪ್ಪು ಮಣ್ಣು, ತೆನೆ ಹೊತ್ತ ಜೋಳ, ನಡುನಡುವೆ ಕಡಲೆಯ ಹಸಿರು. ಅರ್ಧ ಗಂಟೆ ಮೊಬೈಲ್ ಸುಮ್ಮನಿತ್ತು. ಆಮೇಲೆ ಮಹಾರಾಷ್ಟ್ರಕ್ಕೆ ಸ್ವಾಗತ ಎಂದಿತು. ಒಂದು ತಿರುವಿನಲ್ಲಿ ತೆಲಂಗಾಣಕ್ಕೆ ಸ್ವಾಗತ ಎಂದಿತು. ಮತ್ತೊಂದು ಉಬ್ಬು ಹತ್ತುತ್ತಲೇ ಕರ್ನಾಟಕಕ್ಕೆ ಸ್ವಾಗತ. ನಾವು ಕರ್ನಾಟಕ ಬಿಟ್ಟೇ ಇರಲಿಲ್ಲ. ‘ನೋಡಿದ್ರೇನ್ರಿ? ಪಾಸ್‌ಪೋರ್ಟ್ ಕೇಳ್ದೇನೇ ಮೂರು ಮುಲುಕ್ ತೋರಿಸಿದೆ’ ಎಂದರು ಇಸ್ಮಾಯಿಲ್ ಭಾಯ್.

ಔರಾದಿಗೆ ಹತ್ತಿರದ ಆ ಹಳ್ಳಿಯ ಪಂಚಾಯಿತಿಯಲ್ಲಿ ನನಗಾಗಿ ಹತ್ತು ಹದಿನೈದು ಜನ ಸೇರಿದ್ದರು. ಸೋಲಾರ್ ಬೇಡವೆಂದು ಒಬ್ಬರೂ ಹೇಳಲಿಲ್ಲ. ಇಪ್ಪತ್ತೈದು ವರ್ಷದ ಗುತ್ತಿಗೆಯ ಕರಾರಿನ ಕುರಿತು ಒಳ್ಳೆಯ ಪ್ರಶ್ನೆಗಳನ್ನೇ ಕೇಳಿದರು. ಹಾಗಾದರೆ ಒಪ್ಪಿಗೆಯ ನಿರ್ಣಯ ಬರೆಯೋಣವೇ ಎಂದೆ. ಅಧ್ಯಕ್ಷರು ತಲೆ ಕೆರೆದುಕೊಂಡರು.

‘ಎಲ್ಲಾ ಬರಾಬರ್ ಮಾಡೋಣ್ರಿ. ಅಮಾಸಿ ಆಗ್ಲಿ.’

ಕುರಿ ಸಾಕುವ ಮಾಳಪ್ಪ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ. ಅವನ ಹೊಲವೂ ಆ ಜಮೀನಿನಲ್ಲೇ ಸೇರಿತ್ತು. ಅವನನ್ನು ಕೇಳಿದೆ.

‘ಕಮಲಾಬಾಯಿ ಟೀಚರ್ ಸಹಿ ಮಾಡಿದ್ರ ನಾನೂ ಮಾಡ್ತೇನಿ. ನಡುವಿನ ಹೊಲ ಅವರದ್ರಿ. ಅವರದು ಬಿಟ್ಟು ನಮ್ಮದು ತಗೊಂಡು ಏನ್ ಮಾಡ್ತೀರಿ?’

ಅದು ನಿಜ. ಆ ನಡುವಿನ ಹೊಲ ಕೈಬಿಟ್ಟರೆ ಮಿಕ್ಕದ್ದು ಎರಡು ತುಂಡು. ತುಂಡು ಜಮೀನು ಕಂಪನಿಗೆ ಬೇಡ.

ಮೊಬೈಲಿನಲ್ಲಿದ್ದ ನನ್ನ ನಮೂನೆಯಲ್ಲಿ ಒಂದು ಪ್ರಶ್ನೆಯಿತ್ತು: ‘ಸ್ಥಳೀಯ ನಾಯಕರು ಕಾರಣ ಹೇಳದೆ ಮುಂದೂಡುತ್ತಿದ್ದಾರೆಯೇ?’ ಹೌದು ಎಂದು ಗುರುತು ಹಾಕಿದೆ. ಆ ಒಂದು ಗುರುತಿಗೆ ನಮೂನೆ ತಾನೇ ಬಣ್ಣ ತಿರುಗಿತು. ಕೆಂಪು. ತಾತ್ಕಾಲಿಕ ವರದಿಯೆಂದು ಅದನ್ನು ಮೈಸೂರಿನ ನಮ್ಮ ಕಚೇರಿಗೆ ಕಳಿಸಿದೆ. ಮರುಗಳಿಗೆಯಲ್ಲಿ ಉತ್ತರ: ಅಮಾವಾಸ್ಯೆಯ ಮರುದಿನ ಹೊರದೇಶದವರೊಡನೆ ಮಾತುಕತೆ ಇದೆ, ಅಷ್ಟರಲ್ಲಿ ಬಣ್ಣ ಬದಲಾಗದಿದ್ದರೆ ಔರಾದ್ ಕೈಬಿಡುತ್ತಾರೆ.

ಕಮಲಾಬಾಯಿಯವರ ಮನೆ ಔರಾದ್ ಪಟ್ಟಣದಲ್ಲೇ ಇತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಐವತ್ತರ ಹೆಂಗಸು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮೂರು ತಲೆಮಾರಿನ ಪದವಿ ಪ್ರದಾನದ ಫೋಟೊಗಳು. ತಮ್ಮನಿಗೆ ಬ್ಯಾಂಕಿನಲ್ಲಿ, ತಂಗಿಗೆ ಆಸ್ಪತ್ರೆಯಲ್ಲಿ ಕೆಲಸ. ಹೊಲವನ್ನು ಪಾಲಿಗೆ ಕೊಟ್ಟಿದ್ದರು. ನಾನು ಫಲಕಗಳು ಹೇಗೆ ಕೆಲಸ ಮಾಡುತ್ತವೆ ಎಂದು ವಿವರಿಸಲು ಹೊರಟೆ.

‘ಅದನ್ನ ಒಂಬತ್ತನೇ ಕ್ಲಾಸಿಗಿ ನಾನೇ ಕಲಸ್ತೇನ್ರಿ’ ಎಂದು ನಿಲ್ಲಿಸಿದರು. ‘ಬೇಲಿ ಎಲ್ಲಿ ಬರ್ತದ, ಅದು ಹೇಳ್ರಿ.’

‘ಸುತ್ತಲೂ.’

‘ಗೇಟಿನ ಚಾವಿ?’

‘ಕಂಪನಿಯ ಹತ್ತಿರ.’

 ನನಗೆ ಇನ್ನೊಂದು ಪ್ರಶ್ನೆ ಕೇಳಲೇಬೇಕಿತ್ತು. ಸರ್ಕಾರ ದಲಿತ ಕುಟುಂಬಗಳಿಗೆ ಮಂಜೂರು ಮಾಡಿದ ಜಮೀನಾದರೆ ಗುತ್ತಿಗೆಗೆ ಬೇರೆ ಅನುಮತಿ ಬೇಕಾಗುತ್ತದೆ. ತಡವರಿಸುತ್ತಾ ಕೇಳಿದೆ.

‘ಮಂಜೂರಾತಿದಲ್ರಿ. ಖರೀದಿ ಜಮೀನು. ನಮ್ಮಪ್ಪ ತಗೊಂಡಿದ್ದು’ ಎಂದರು. ದನಿ ಏರಲಿಲ್ಲ, ಆದರೆ ಬೆನ್ನು ನೆಟ್ಟಗಾಯಿತು. ‘ನನಗ ಸೋಲಾರ್ ಬೇಕ್ರಿ. ಊರಿಗಿ ಛಲೋ ಆಗ್ತದ ಅನ್ನೂದೂ ಗೊತ್ತದ. ಆದ್ರ ಚಾವಿ ನಿಮ್ಮ ಹತ್ರ ಇರ್ತದಂದ್ರ ನಾ ಸಹಿ ಮಾಡಂಗಿಲ್ಲ. ಯಾಕ ಅಂತ ಇಲ್ಲಿ ಕುಂತು ಹೇಳಿದ್ರ ತಿಳಿಯಂಗಿಲ್ಲ. ನಾಳಿ ಅಮಾಸಿ. ಹೊಲಕ್ಕ ಊಟಕ್ಕ ಬರ್ರಿ.’

ಹೊಲ

ಮರುದಿನ ಬೆಳಿಗ್ಗೆ ನನ್ನ ಲಾಡ್ಜಿನಲ್ಲಿ ಚಹಾ ಕೊಡುವವರಿಲ್ಲ. ಬಾಗಿಲು ಹಾಕಿದ ಅಂಗಡಿಗಳು, ಖಾಲಿ ಬೀದಿ. ಏನೋ ಗಲಾಟೆಯಾಗಿದೆ ಎಂದುಕೊಂಡೆ. ಇಸ್ಮಾಯಿಲ್ ಭಾಯ್ ಬಂದಾಗ ಕಾರಿನಲ್ಲಿ ಅವರ ಹೆಂಡತಿ, ಸೊಸೆ, ಇಬ್ಬರು ಮೊಮ್ಮಕ್ಕಳು.

‘ಇವರೆಲ್ಲ ಎಲ್ಲಿಗೆ?’

‘ಊಟಕ್ಕ್ರಿ! ಎಳ್ಳಮಾಸಿ ಅದ. ಇವತ್ತು ಯಾರೂ ಮನ್ಯಾಗ ಇರಂಗಿಲ್ಲ. ಹೊಲ ಇದ್ದವರು ಹೊಲಕ್ಕ, ಇಲ್ದವರು ಇದ್ದವರ ಹೊಲಕ್ಕ.’

ಊರು ಬಿಟ್ಟ ಮೇಲೆ ತಿಳಿಯಿತು. ಇಡೀ ತಾಲ್ಲೂಕು ರಸ್ತೆಯ ಮೇಲಿತ್ತು. ಟ್ರ್ಯಾಕ್ಟರು, ಬಂಡಿ, ಬೈಕು, ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು, ಹೊಸ ಅಂಗಿಯ ಮಕ್ಕಳು. ಕೆಟ್ಟ ದಿನ ಕಳೆಯಲಿ ಎಂದು ಇವರಾರೂ ಕಾಯುತ್ತಿರಲಿಲ್ಲ. ವರ್ಷದ ಅತಿ ಒಳ್ಳೆಯ ದಿನ ಬರಲಿ ಎಂದು ಕಾಯುತ್ತಿದ್ದರು. ಹೊಲದಲ್ಲಿ ಕೂತು ಹೊಲದ ಊಟ ಉಂಡು, ಬೆಳೆಗೂ ಒಂದು ತುತ್ತು ಚೆಲ್ಲಿ ಬಂದ ಮೇಲೆಯೇ ಇಲ್ಲಿ ಹೊಲದ ಬಗ್ಗೆ ಮಾತು. ಅದಕ್ಕೆ ಮುಂಚೆ ಹೊಲ ಬಿಟ್ಟುಕೊಡುವ ಕಾಗದಕ್ಕೆ ಯಾರು ಸಹಿ ಹಾಕುತ್ತಾರೆ? ನನ್ನ ಡೈರಿಯ ಸಾಲು ನೆನಪಾಗಿ, ಸ್ವೆಟರಿನೊಳಗೆ ಮುಖ ಮುಚ್ಚಿಕೊಳ್ಳುವಂತಾಯಿತು.

ಕಮಲಾಬಾಯಿಯವರ ಹೊಲದಲ್ಲಿ ಜೋಳದ ದಂಟಿನ ಕೊಂಪೆ ಕಟ್ಟಿದ್ದರು. ಪಕ್ಕದಲ್ಲಿ ಮಾಳಪ್ಪನ ಮನೆಯವರು ಸುಣ್ಣ ಬಳಿದ ಐದು ಕಲ್ಲಿಟ್ಟು ಪೂಜೆ ಮಾಡುತ್ತಿದ್ದರು. ‘ನಮ್ಮದು ಪೂಜಿ ಇಲ್ರಿ, ಊಟ ಅಷ್ಟೇ’ ಎಂದು ಕಮಲಾಬಾಯಿ ನಕ್ಕರು. ಅವರ ತಮ್ಮ, ತಂಗಿ, ಅವರ ಮಕ್ಕಳು, ಪಂಚಾಯಿತಿ ಅಧ್ಯಕ್ಷರು, ಇಸ್ಮಾಯಿಲ್ ಭಾಯ್ ಕುಟುಂಬ, ದಾರಿಯಲ್ಲಿ ಹೋಗುತ್ತಿದ್ದ ನಾಲ್ಕೈದು ಜನ, ಎಲ್ಲ ಸೇರಿ ಅರ್ಧ ಮದುವೆಯಷ್ಟು ಮಂದಿ.

ನನ್ನದು ಅಪರಿಚಿತರ ಊಟದಲ್ಲಿ ಹಿಂದೆ ಸರಿಯುವ ಸ್ವಭಾವ. ಮನೆಯವರೆಲ್ಲ ಕೂರಲಿ ಎಂದು ಸ್ವಲ್ಪ ದೂರದಲ್ಲಿದ್ದ ಬದುವಿನ ಆಚೆ ಹೋಗಿ, ಹಾವಿಲ್ಲವೆಂದು ಎರಡೆರಡು ಸಲ ನೋಡಿ, ಒಂದು ಕಲ್ಲಿನ ಮೇಲೆ ಕೂತೆ.

ಕಮಲಾಬಾಯಿ ಕೈಯಲ್ಲಿದ್ದ ಬುಟ್ಟಿಯನ್ನು ಕೆಳಗಿಟ್ಟು ನೇರ ನನ್ನ ಕಡೆ ಬಂದರು. ಮುಖದಲ್ಲಿ ನಗು ಇರಲಿಲ್ಲ.

‘ಏಳ್ರಿ ಅಲ್ಲಿಂದ.’

‘ಪರವಾಗಿಲ್ಲ, ಇಲ್ಲೇ ಆರಾಮವಾಗಿ...’

‘ಏಳ್ರಿ. ನಮ್ಮ ಹೊಲದಾಗ ಯಾರೂ ಬಾಂದಿನ ಆಚಿ ಕುಂತು ಉಣ್ಣಂಗಿಲ್ಲ.’

ನಾನು ದಡಬಡಿಸಿ ಎದ್ದೆ.  ಅವರು ನನ್ನನ್ನು ಕೊಂಪೆಯ ನೆರಳಲ್ಲಿ ಕೂರಿಸಿ, ಎದುರು ತಾವೂ ಕೂತು, ಮೆಲ್ಲಗೆ ಹೇಳಿದರು.

‘ಈ ಹೊಲ ಮೊದಲು ಬ್ಯಾರೇರ್ದಿತ್ತು. ನಮ್ಮ ಮುತ್ಯಾ ಇದರಾಗ ದುಡೀತಿದ್ದ. ಎಳ್ಳಮಾಸಿಗಿ ಅವನ್ನೂ ಕರೀತಿದ್ರು, ಇಲ್ಲ ಅನ್ನಂಗಿಲ್ಲ. ಆದ್ರ ಕುಂದರಸೂದು ಬಾಂದಿನ ಆಚಿ. ನೀವು ಈಗ ಕುಂತಿದ್ರಲ್ಲ, ಅಲ್ಲೇ. ಮ್ಯಾಲಿಂದ ಎಲಿಗಿ ಹಾಕ್ತಿದ್ರು. ನಮ್ಮಪ್ಪ ಸಣ್ಣಾಂವ ಇದ್ದಾಗ ಅದನ್ನ ನೋಡ್ಯಾನ. ಮುಂದ ಮಾಸ್ತರ್ ಆದ. ಈ ಹೊಲ ಮಾರಾಟಕ್ಕ ಬಂತು, ಇದನ್ನೇ ತಗೊಂಡ. ಸಾಯೂತನ ಒಂದೇ ಮಾತು ಅವಂದು: ಬೆಳಿ ಬರಲಿ ಬಿಡಲಿ, ಎಳ್ಳಮಾಸಿಗಿ ಈ ಹೊಲದಾಗ ನಾವು ಬಡಿಸಬೇಕು, ಬಂದವರೆಲ್ಲ ಈಚಿ ಕುಂದರಬೇಕು.’

ಅವರು ಬದುವಿನ ಕಡೆ ನೋಡಿದರು. ‘ಇಪ್ಪತ್ತೈದು ವರ್ಷ ಬೇಲಿ ಹಾಕಿ ಚಾವಿ ನೀವು ಇಟಗೊಂಡ್ರ ನಾ ಮತ್ತ ಆಚಿ ಆದಂಗಲ್ರಿ?’

ನನ್ನ ಕಣ್ಣು ತುಂಬಿದ್ದು ನಿಜ, ಹೇಳಿಕೊಳ್ಳಲು ನಾಚಿಕೆಯಿಲ್ಲ. ಎಷ್ಟೋ ವರ್ಷ ಅಪಾಯ ಹುಡುಕುವ ಕೆಲಸ ಮಾಡಿದ್ದೇನೆ. ಹೊಲದವರಿಗೆ ನಮ್ಮಿಂದ ಏನು ಅಪಾಯ ಎಂದು ಯಾವ ನಮೂನೆಯೂ ನನ್ನನ್ನು ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

‘ಇರ್ಲಿ, ಮೊದಲು ಉಣ್ರಿ’ ಎಂದು ಅವರೇ ನನ್ನನ್ನು ಪಾರು ಮಾಡಿದರು.

ಆ ಊಟ! ಸಜ್ಜೆ ರೊಟ್ಟಿ, ಎಳ್ಳು ಹೋಳಿಗೆ, ಕಡಬು. ಬಿಳಿಯ ಮಜ್ಜಿಗೆ ಎಂದುಕೊಂಡು ಗಟಗಟ ಕುಡಿದದ್ದು ಜೋಳದ ಅಂಬಲಿ, ಹುಳಿಗೆ ಎರಡೂ ಕಣ್ಣು ಮುಚ್ಚಿಹೋದವು. ಎಲ್ಲರೂ ಚಪ್ಪಾಳೆ ತಟ್ಟಿ ಇನ್ನೊಂದು ಲೋಟ ಕೊಟ್ಟರು. ಆಮೇಲೆ ಭಜ್ಜಿ. ಭಜ್ಜಿ ಎಂದಾಗ ನಾನು ಎಣ್ಣೆಯಲ್ಲಿ ಕರಿದದ್ದಕ್ಕೆ ಕೈ ಒಡ್ಡಿದ್ದೆ. ಬಂದದ್ದು ಹಸಿ ತೊಗರಿ, ಅವರೆ, ಕಡಲೆ, ಹತ್ತಾರು ಬಗೆಯ ಸೊಪ್ಪು, ಹುಣಸೆ ಎಲ್ಲ ಕೂಡಿ ಕುದ್ದ ಪಲ್ಯ. ಹೊಲದಲ್ಲಿ ಆ ಕಾಲಕ್ಕೆ ಏನೇನು ಇದೆಯೋ ಎಲ್ಲವೂ ಅದರಲ್ಲಿತ್ತು. ನಮ್ಮ ಕಡೆ ಹುಳಿಗೆ ಏನು ಹಾಕಬಾರದು ಎಂಬುದಕ್ಕೇ ಒಂದು ಶಾಸ್ತ್ರವಿದೆ. ಇಲ್ಲಿ ಯಾರನ್ನೂ ಬಿಡಬಾರದು ಎಂಬುದೊಂದೇ ಶಾಸ್ತ್ರ. ಮೂರನೆಯ ಸಲ ಹಾಕಿಸಿಕೊಂಡಾಗ ಮಾಳಪ್ಪ, ‘ಸಾಹೇಬ್ರು ರಿಪೋರ್ಟ್ ಬರೀಲಿಕ್ಕ ಬಂದಾರೋ ಭಜ್ಜಿ ಮುಗಸ್ಲಿಕ್ಕ ಬಂದಾರೋ’ ಎಂದ.

ಆಗಲೇ ಒಂದು ಬಂಡಿ ಬಂತು. ಜೋಳದ ನಡುವಿನಿಂದ, ಎತ್ತಿನ ಕೊಂಬು ಮೊದಲು ಕಾಣಿಸಿತು. ಅದರ ಹಿಂದೆ ಮತ್ತೊಂದು. ಎರಡೂ ಬನ್ನಿಗಿಡದ ಪಕ್ಕ ತಿರುಗಿ ಬಾವಿಯ ಹತ್ತಿರ ನಿಂತವು. ನಾನು ರೊಟ್ಟಿ ಕೈಯಲ್ಲೇ ಹಿಡಿದು ನೋಡಿದೆ. ಬನ್ನಿಗಿಡ. ಬಾವಿ. ಈ ಬಂಡಿಗಳು ಬಂದದ್ದು ಯಾವ ದಾರಿಯಲ್ಲಿ?

‘ಮಾಳಪ್ಪ, ಇಲ್ಲಿ ದಾರಿ ಇದೆಯಾ?’

‘ಇದ್ದೇ ಅದಲ್ರಿ. ನಮ್ಮ ಕುರಿ ದಿನಾ ಇದರಾಗೇ ಬಾವಿಗಿ ಹೋಗ್ತಾವ. ಮುತ್ಯಾರ ಕಾಲದಿಂದ ಅದ.’

ಎಡಗೈಯಿಂದ ಚೀಲ ತಡಕಿ ಭಾಲ್ಕಿಯ ನಕಲು ಎಳೆದೆ. ವೈಜನಾಥರ ಚುಕ್ಕಿ ಗೆರೆ! ಊರಿನಿಂದ ಹೊರಟು, ಬನ್ನಿಗಿಡದ ಬಳಿ ತಿರುಗಿ, ಕಮಲಾಬಾಯಿಯವರ ಬದುವನ್ನು ದಾಟಿ, ಬಾವಿಗೆ. ಕಂಪ್ಯೂಟರು ಮರೆತಿದ್ದರೂ ಕುರಿಗಳು ಮರೆತಿರಲಿಲ್ಲ. ಹಳೆಯ ದಾಖಲೆಯಲ್ಲೂ ಇದ್ದು, ಇಂದೂ ಜನ ನಡೆಯುವ ದಾರಿಗೆ ಅಡ್ಡ ಬೇಲಿ ಹಾಕಿದರೆ ಕಂಪನಿ ವರ್ಷಗಟ್ಟಲೆ ಕೋರ್ಟು ಅಲೆಯಬೇಕಾದೀತು. ಅಂದರೆ ದಾರಿಯನ್ನು ತೆರೆದೇ ಇಡಬೇಕು. ದಾರಿ ಬದುವನ್ನು ಮುಟ್ಟುತ್ತದೆ. ಬದುವಿನ ಈಚೆ ಊಟದ ಜಾಗ, ಅದನ್ನೂ ದಾರಿಯ ಜೊತೆಗೇ ಫಲಕಗಳಿಂದ ಉಳಿಸಿಕೊಳ್ಳಬಹುದು! ನಾನು ಎದ್ದು ಕುಣಿದೇ ಬಿಟ್ಟೆ. ಮಾಳಪ್ಪ ಕೋಲು ಹಿಡಿದು ಓಡಿಬಂದ, ಚೇಳು ಕಚ್ಚಿತೆಂದು.

ವಿಷಯ ತಿಳಿದ ಮೇಲೆ ಕಮಲಾಬಾಯಿ ನಕಲನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ‘ಇಷ್ಟು ಜಾಗ ಬಿಟ್ರ ಸಾಕ್ರಿ’ ಎಂದು ಬದು, ಬನ್ನಿಗಿಡ, ಬಾವಿ ಮೂರನ್ನೂ ಬೆರಳಿನಿಂದ ಸುತ್ತಿದರು. ‘ಮಿಕ್ಕಿದ್ದೆಲ್ಲ ಸೂರ್ಯಂದು.’

ಮತ್ತೆ ಬೀದರ್

ಮರುದಿನದ ಮಾತುಕತೆ ಕಂಪ್ಯೂಟರ್ ಪರದೆಯ ಮೇಲೆ. ಆ ಕಡೆ ಕಂಪನಿಯ ಒಬ್ಬ ಹಿರಿಯ ಹೆಂಗಸು, ಪಕ್ಕದಲ್ಲಿ ಸುರಕ್ಷತೆಯ ಅಧಿಕಾರಿ. ಈ ಕಡೆ ನಾನು, ಇಸ್ಮಾಯಿಲ್ ಭಾಯ್ ಅವರ ಸ್ವೆಟರಿನಲ್ಲಿ.

ಬಣ್ಣ ಬದಲಿಸಿದ್ದೇನೆ ಎಂದು ಶುರುಮಾಡಿದೆ. ಪಂಚಾಯಿತಿ ಮುಂದೂಡಿದ್ದಕ್ಕೆ ಕಾರಣವಿತ್ತು, ನಾನು ಕೇಳಿರಲಿಲ್ಲ, ತಪ್ಪು ನನ್ನದು ಎಂದೆ. ನಿಮ್ಮ ಬೇಲಿಯ ನಕ್ಷೆ ಹೀಗೇ ಇದ್ದರೆ ಕೆಂಪು, ಹಳೆಯ ದಾರಿ ಮತ್ತು ಬದುವಿನ ಸುತ್ತ ಒಂದಿಷ್ಟು ನೆಲ ಬಿಟ್ಟು, ಅಲ್ಲಿಯ ಗೇಟಿನ ಚಾವಿಯನ್ನು ಹೊಲದ ಒಡತಿಗೆ ಕೊಟ್ಟರೆ ಹಸಿರು ಎಂದೆ. ಎಳ್ಳಮಾಸಿಯ ಊಟದ ಬಗ್ಗೆಯೂ ಹೇಳಿದೆ.

ಸುರಕ್ಷತೆಯವನು ಹೊಗೆ, ಮಕ್ಕಳು, ವಿದ್ಯುತ್ತು ಎಂದು ಪಟ್ಟಿ ಓದಿದ. ಬೇರೆ ದಿನವಾಗಿದ್ದರೆ ಅವನ ಪಟ್ಟಿಗೆ ನಾನೇ ಇನ್ನೆರಡು ಸೇರಿಸುತ್ತಿದ್ದೆ. ಅಂದು ಮಾತ್ರ ಎದುರು ನಿಂತೆ. ತಂತಿಗಳು ನೆಲದಡಿಯಲ್ಲಿ ಹೋಗಲಿ, ಒಳಬೇಲಿ ಇರಲಿ, ಅಡುಗೆಯನ್ನು ಮನೆಯಲ್ಲೇ ಮಾಡಿ ತರುತ್ತಾರೆ ಎಂದೆ. ಆ ಹೆಂಗಸು ಕೇಳಿದರು: ಆ ದಿನ ಎಷ್ಟು ಜನ ಬರುತ್ತಾರೆ?

‘ದಾರಿಯಲ್ಲಿ ಹೋಗುವವರೆಲ್ಲ’ ಎಂದೆ.

ಅವರು ನಕ್ಕರು. ಆಮೇಲೆ ಗಂಭೀರವಾಗಿ, ತಮ್ಮ ಕಡೆಯೂ ಒಂದು ಕೌಂಟಿಯಲ್ಲಿ ಹೊಲದ ನಡುವೆ ಒಂದು ಮನೆತನದ ಸಮಾಧಿಗಳಿದ್ದವು, ಯಾರನ್ನೂ ಕೇಳದೆ ಬೇಲಿ ಹಾಕಿದರು, ಇಡೀ ಯೋಜನೆ ನ್ಯಾಯಾಲಯದಲ್ಲಿ ಮುರಿದುಬಿತ್ತು ಎಂದರು. ಕಡೆಗೆ, ನಾವು ಕಳಿಸಿದ ನಮೂನೆಯಲ್ಲಿ ಇದನ್ನು ಬರೆಯಲು ಅಂಕಣ ಇತ್ತೇ ಎಂದು ಕೇಳಿದರು. ಇರಲಿಲ್ಲ ಎಂದೆ. ಹಾಗಾದರೆ ಒಂದು ಸೇರಿಸಿ ಎಂದರು.

ಹೊರಡುವಾಗ ಸ್ವೆಟರ್ ಬಿಚ್ಚಿ ಕೊಡಲು ಹೋದೆ. ಇಸ್ಮಾಯಿಲ್ ಭಾಯ್ ಒಪ್ಪಲಿಲ್ಲ. ‘ಇಟಗೋರಿ. ಮತ್ತ ಬರೂದದಲ್ಲ.’

ಅದೇ ಹೊಲ, ಇನ್ನೊಂದು ಅಮಾವಾಸ್ಯೆ

ಎರಡು ಎಳ್ಳಮಾಸಿ ಕಳೆದು ಮೂರನೆಯದಕ್ಕೆ ಹೋದೆ. ಈ ಸಲ ವತ್ಸಲಾ ಜೊತೆಗಿದ್ದಳು. ಅವಳಿಗೆ ಸ್ವೆಟರ್ ಇತ್ತು, ನನಗೂ ಇತ್ತು, ಅದೇ ಕಡುಗೆಂಪಿನದು. ಕಾರು ಓಡಿಸಿದವರೂ ಇಸ್ಮಾಯಿಲ್ ಭಾಯ್ ಅವರೇ.

ದಾರಿಯ ಎರಡೂ ಕಡೆ ನೀಲಿ ಫಲಕಗಳು ಸಾಲುಸಾಲಾಗಿ ಸೂರ್ಯನತ್ತ ಮುಖ ಮಾಡಿದ್ದವು. ನಡುವೆ ಮಾಳಪ್ಪನ ಕುರಿಗಳು ತಮ್ಮ ಹಳೆಯ ದಾರಿಯಲ್ಲಿ ಬಾವಿಗೆ ಹೋಗುತ್ತಿದ್ದವು. ಬನ್ನಿಗಿಡದ ಹತ್ತಿರ ಒಂದು ಚಿಕ್ಕ ಗೇಟು. ಕಮಲಾಬಾಯಿ ಸೆರಗಿನ ಗಂಟಿನಿಂದ ಚಾವಿ ಬಿಚ್ಚಿ ಬೀಗ ತೆಗೆದರು. ಒಳಗೆ ಬಿಟ್ಟ ನೆಲದಲ್ಲಿ ಜೋಳ ಬೆಳೆದಿತ್ತು, ಕೊಂಪೆ ಎದ್ದಿತ್ತು. ವೈಜನಾಥರು ಭಾಲ್ಕಿಯಿಂದ ಬಂದಿದ್ದರು. ವತ್ಸಲಾ ಅಂಬಲಿ ಕುಡಿದು ಎರಡೂ ಕಣ್ಣು ಮುಚ್ಚಿದಾಗ ನಾನೇ ಮೊದಲು ಚಪ್ಪಾಳೆ ತಟ್ಟಿದೆ.

ಕಂಪನಿ ಈಗ ಎಲ್ಲ ಕಡೆಗೂ ಕಳಿಸುವ ನಮೂನೆಯಲ್ಲಿ ಕೊನೆಗೊಂದು ಪ್ರಶ್ನೆ ಹೆಚ್ಚಾಗಿದೆ: ‘ಇಲ್ಲಿ ಬೇಲಿ ಯಾವ ದಿನ ತೆರೆದಿರಬೇಕು? ಯಾರಿಗಾಗಿ?’ ದೂರದ ಯಾವುದೋ ಕೌಂಟಿಯಲ್ಲಿ ಯಾರೋ ಈ ಪ್ರಶ್ನೆ ಹಿಡಿದು ಯಾರದೋ ಮನೆ ಬಾಗಿಲು ತಟ್ಟುತ್ತಿರುತ್ತಾರೆ. ಅದನ್ನು ಕಮಲಾಬಾಯಿಗೆ ಹೇಳಿದೆ. ‘ಮತ್ತ ಅಲ್ಲಿ ಊಟಕ್ಕ ಏನ್ ಇರ್ತದಂತ್ರಿ?’ ಎಂದು ಕೇಳಿದರು.

ಎಲ್ಲರೂ ಕೂತಾಗ ಕಂಪನಿಯ ಕಾವಲುಗಾರ ಮಾತ್ರ ಗೇಟಿನಾಚೆ ನಿಂತಿದ್ದ. ಉತ್ತರದ ಯಾವುದೋ ರಾಜ್ಯದವನು, ತಲೆಗೆ ಹಳದಿ ಹೆಲ್ಮೆಟ್. ಕಮಲಾಬಾಯಿಯವರ ತಮ್ಮ ಒಂದು ತಟ್ಟೆಯಲ್ಲಿ ಅವನಿಗೆ ಊಟ ಹಾಕಿ ಅಲ್ಲಿಗೇ ಒಯ್ಯಲು ಎದ್ದರು. ಕಮಲಾಬಾಯಿ ತಟ್ಟೆಯನ್ನು ಅವರ ಕೈಯಿಂದ ತೆಗೆದುಕೊಂಡು ನನ್ನ ಪಕ್ಕ ನೆಲದ ಮೇಲಿಟ್ಟರು.

‘ಭೈಯ್ಯಾ, ಅಂದರ್ ಆಕರ್ ಬೈಠೋ’ ಎಂದು ಹಿಂದಿಯಲ್ಲಿ ಒಳಕ್ಕೆ ಕೂಗಿ ಕರೆದರು.

ಅವನು ಡ್ಯೂಟಿ ಎಂದ. ಗೇಟು ತೋರಿಸಿದ.

‘ಚಾವಿ ನನ್ನ ಹತ್ರ ಅದ’ ಎಂದರು ಕಮಲಾಬಾಯಿ, ಕನ್ನಡದಲ್ಲೇ.

ಅವನಿಗೆ ಏನು ತಿಳಿಯಿತೋ, ಹೆಲ್ಮೆಟ್ ತೆಗೆದು ಕಂಕುಳಲ್ಲಿ ಹಿಡಿದು ಬದು ದಾಟಿ ಬಂದ. ನಾನು ಸರಿದು ಜಾಗ ಮಾಡಿಕೊಟ್ಟೆ.